ಬೆರಳ ತುದಿಯ ಭಾಷೆ

ಮಿದುಳಿಗೆ ತನ್ನ ನೋವು ತಿಳಿಯದು. ಹಾಗಾಗಿ ಶಸ್ತ್ರಕ್ರಿಯೆಯ ನಡುವೆ ರೋಗಿಯನ್ನು ಎಚ್ಚರಗೊಳಿಸಿ, ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಸಣ್ಣ ವಿದ್ಯುತ್ ಸೋಕಿಸಿದಾಗ ಎಲ್ಲಿ ಮಾತು ತಡವರಿಸುವುದೋ ಆ ಜಾಗವನ್ನು ಕತ್ತರಿಸದೆ ಉಳಿಸುತ್ತಾರೆ.

ಕೈಸನ್ನೆಯೇ ಭಾಷೆಯಾಗಿರುವ ಕಿವುಡರಿಗೆ? ಅಮೆರಿಕದ ಅಂಥ ಒಬ್ಬ ರೋಗಿಯ ಬಗ್ಗೆ ಡೇವಿಡ್ ಕೊರಿನಾ, ಜಾರ್ಜ್ ಓಜೆಮನ್ ಮತ್ತು ಸಂಗಡಿಗರು 1999ರಲ್ಲಿ ಬರೆದರು. ಮಾತಿಗೆ ಹೆಸರಾದ ಎಡಮಿದುಳಿನ ಬ್ರೋಕಾ ಪ್ರದೇಶಕ್ಕೆ ವಿದ್ಯುತ್ ಸೋಕಿಸಿದಾಗ ಬೆರಳುಗಳ ಆಕಾರ ಕೆಟ್ಟು ಸಡಿಲ ಮುಷ್ಟಿಯಾಯಿತು. ಕಿವಿಯ ಮೇಲೆ, ತುಸು ಹಿಂದಿರುವ ಭಾಗಕ್ಕೆ ಸೋಕಿಸಿದಾಗ ಕೈ ಚೆನ್ನಾಗಿಯೇ ಆಡಿತು, ನೋಡಿ. ಮೂಡಿದ್ದು ಮಾತ್ರ ಬೇರೆ ಸನ್ನೆ! ನಾವು ಬಾಯ್ತಪ್ಪಿ ಒಂದಕ್ಕೊಂದು ಹೇಳುವುದಿಲ್ಲವೇ, ಹಾಗೆ. ಸನ್ನೆಯನ್ನು ಬರಿಯ ಅಭಿನಯವೆನ್ನುವವರು ಇದಕ್ಕೇನೆನ್ನುತ್ತಾರೋ!

ಇಂಥ ಶಸ್ತ್ರಕ್ರಿಯೆಯಲ್ಲಿ ಸನ್ನೆ ಬಲ್ಲ ದುಭಾಷಿ ರೋಗಿಯ ಕಣ್ಣೆದುರೇ ಇರಬೇಕು. ಡ್ರಿಪ್ಪಿನ ಸೂಜಿಯನ್ನೂ ಸನ್ನೆ ಮಾಡುವ ಕೈಗೆ ತೊಡಕಾಗದಂತೆ ಚುಚ್ಚಬೇಕು.