ಹೆದರಿದವನು ಯಾರು?



ನನ್ನ ಕೆಲಸ ಕ್ಯಾಮೆರಾದ ಹಿಂದೆ. ಸ್ಟುಡಿಯೋದಲ್ಲಿ ಒಂದು ದೃಶ್ಯವನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ದೊಡ್ಡ ವಿದ್ವಾಂಸರು ಬರುತ್ತಾರೆ, ಕಾಫಿ ಕುಡಿಯುತ್ತ ನಿರರ್ಗಳವಾಗಿ ಮಾತನಾಡುತ್ತಾರೆ. ಕ್ಯಾಮೆರಾದ ಕೆಂಪು ದೀಪ ಹೊತ್ತಿದ ಕೂಡಲೇ ನಾಲಿಗೆ ಒಣಗುತ್ತದೆ, ಅಂಗೈ ಬೆವರುತ್ತದೆ. ದೀಪ ಕಚ್ಚುವುದಿಲ್ಲವೆಂದು ಅವರಿಗೂ ಗೊತ್ತು!

ಕಾಲೇಜಿನಲ್ಲಿ ಓದಿದ ವಿಜ್ಞಾನ ಇದಕ್ಕೆ ಉತ್ತರ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆಬಡಿತ ಏರುತ್ತದೆ. ಹುಲಿ ಎದುರಾದಾಗ ಓಡುವುದಕ್ಕೆ ದೇಹ ಮಾಡಿಕೊಂಡ ಏರ್ಪಾಡು. ಸರಿ, ಆದರೆ ಹುಲಿಯಿಲ್ಲದ ಕಡೆ ಹುಲಿಯನ್ನು ಕಾಣುವವನು ಯಾರು?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಪ್ರಸಂಗವಿದೆ. ಸೃಷ್ಟಿಯ ಆದಿಯಲ್ಲಿ ಒಬ್ಬನೇ ಇದ್ದ ಪುರುಷನಿಗೂ ಭಯವಾಯಿತಂತೆ. ತನ್ನನ್ನು ಬಿಟ್ಟು ಎರಡನೆಯದು ಇಲ್ಲವೆಂದ ಮೇಲೆ ಹೆದರುವುದು ಯಾರಿಗೆ ಎಂದು ಅವನು ಯೋಚಿಸಿದ. ಭಯ ಹೋಯಿತು. ಆಯುಧ ಹಿಡಿಯಲಿಲ್ಲ, ಯಾರನ್ನೂ ಕೂಗಲಿಲ್ಲ. ವಿಚಾರ ಮಾಡಿದ, ಅಷ್ಟೆ.

ಇದು ಬರಿಯ ಕಥೆಯಲ್ಲವೆಂದು ನನಗೆ ಅನಿಸಿದ್ದು ರಮಣ ಮಹರ್ಷಿಗಳ ಬಾಲ್ಯವನ್ನು ಓದಿದಾಗ. 1896ರ ಜುಲೈ ತಿಂಗಳು, ಮಧುರೆ. ಚಿಕ್ಕಪ್ಪನ ಮನೆಯ ಮಹಡಿಯಲ್ಲಿ ಹದಿನಾರು ವರ್ಷದ ಹುಡುಗ ವೆಂಕಟರಾಮನ್ ಒಬ್ಬನೇ ಇದ್ದ. ಕಾಯಿಲೆಯೇನೂ ಇರಲಿಲ್ಲ. ಇದ್ದಕ್ಕಿದ್ದಂತೆ, ತಾನೀಗ ಸಾಯುತ್ತೇನೆಂಬ ಭಯ ಹಿಡಿಯಿತು. ನಾವಾಗಿದ್ದರೆ ಕೆಳಗಿಳಿದು ಓಡುತ್ತಿದ್ದೆವು, ವೈದ್ಯರನ್ನು ಹುಡುಕುತ್ತಿದ್ದೆವು. ಆ ಹುಡುಗ ಅಲ್ಲೇ ಮಲಗಿದ. ಕೈಕಾಲುಗಳನ್ನು ಹೆಣದಂತೆ ಸೆಟೆಸಿ, ಉಸಿರು ಬಿಗಿಹಿಡಿದು, ಈ ದೇಹವನ್ನು ಸುಡಗಾಡಿಗೆ ಒಯ್ದು ಸುಟ್ಟರೆ ನಾನೂ ಸತ್ತಂತಾಯಿತೇ ಎಂದು ತನ್ನನ್ನೇ ಕೇಳಿಕೊಂಡ. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇದು ಪ್ರಯೋಗದಂತೆಯೇ ಕಾಣುತ್ತದೆ; ಪ್ರಯೋಗಶಾಲೆ ಮಾತ್ರ ಅವನ ಮೈ. ದೇಹ ಜಡವಾಗಿ ಬಿದ್ದಿದ್ದರೂ ಒಳಗೆ 'ನಾನು' ಎಂಬುದು ಉಜ್ವಲವಾಗಿ ಇತ್ತು. ಸಾವಿನ ಭಯ ಅಂದೇ ಮುಗಿಯಿತು. ಆ 'ನಾನು'ವಿಗೂ ಈಶ್ವರನಿಗೂ ಭೇದವಿಲ್ಲವೆಂದು ಮುಂದೆ ಅವರು ಜೀವನವಿಡೀ ಹೇಳಿದರು.

ಆಮೇಲಿನದು ಇನ್ನೂ ಸ್ವಾರಸ್ಯ. ಹುಡುಗ ಮೀನಾಕ್ಷಿ ದೇವಾಲಯಕ್ಕೆ ಪದೇ ಪದೇ ಹೋಗಿ ಕಣ್ಣೀರು ಸುರಿಸುತ್ತ ನಿಲ್ಲತೊಡಗಿದ. ನಾವು ಭಯಭಕ್ತಿ ಎಂದು ಎರಡನ್ನೂ ಜೋಡಿಸಿಯೇ ಹೇಳುತ್ತೇವೆ. ಇಲ್ಲಿ ಭಯ ಹೋದ ಮೇಲೆ ಭಕ್ತಿ ಉಕ್ಕಿತು! ಸೆಪ್ಟೆಂಬರ್ 1ಕ್ಕೆ ಅವನು ತಿರುವಣ್ಣಾಮಲೆ ಸೇರಿದ.

ಹದಿನಾರರ ಉತ್ಸಾಹ ಎಂದು ತಳ್ಳಿಹಾಕಬಹುದು. ಆದರೆ 1949ರಲ್ಲಿ ಎಡತೋಳಿಗೆ ಕ್ಯಾನ್ಸರ್ ಆಗಿ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು. ತೋಳನ್ನೇ ಕತ್ತರಿಸಬೇಕೆಂದಾಗ ಅವರು ಒಪ್ಪಲಿಲ್ಲ. ಅಳುತ್ತಿದ್ದ ಭಕ್ತರಿಗೆ ಅವರೇ ಸಮಾಧಾನ ಹೇಳುತ್ತಿದ್ದರು. 1950ರ ಏಪ್ರಿಲ್ 14ರಂದು ದೇಹ ಬಿಟ್ಟರು.

ಮಹರ್ಷಿಗಳ ಮಾತಾಯಿತು, ನಮ್ಮಂಥವರ ಗತಿ? ಕಳೆದ ವರ್ಷ ನನಗೂ ಒಂದು ಶಸ್ತ್ರಚಿಕಿತ್ಸೆಯಾಯಿತು. ಸ್ಟ್ರೆಚರ್ ಮೇಲೆ ಮಲಗಿದಾಗ ಓದಿದ್ದೆಲ್ಲ ಹಾರಿಹೋಗಿ, ಮಗಳ ಮುಖವೊಂದೇ ಉಳಿಯಿತು. ಹೆದರಿದವನು ಯಾರು ಎಂದು ಕೇಳಿಕೊಂಡೆ. ಎದೆಬಡಿತ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ? ಆದರೆ ಬಡಿಯುತ್ತಿರುವುದನ್ನು ಒಳಗಿನಿಂದ ಯಾರೋ ಸುಮ್ಮನೆ ನೋಡುತ್ತಿದ್ದಂತಿತ್ತು. ಆ ನೋಡುವವನಿಗೆ ನಡುಕವಿರಲಿಲ್ಲ. ಅರೆಗಳಿಗೆ ಇದ್ದಿರಬೇಕು, ಅಷ್ಟೆ.

"ಭಯ ಆಗ್ತಿದೆಯಾ ಸಾರ್?" ಎಂದರು ನರ್ಸ್.

"ಯಾರಿಗೆ ಅಂತ ನೋಡ್ತಾ ಇದ್ದೀನಿ ಸಿಸ್ಟರ್" ಎಂದೆ.

ಚುಚ್ಚುಮದ್ದು ತಲೆಗೇರಿತೆಂದು ತಿಳಿದಿರಬೇಕು. ನಕ್ಕು ಒಳಗೆ ತಳ್ಳಿಕೊಂಡು ಹೋದರು.