ಮುಖ ಕಾಣಲಿ, ಮೊದಲು ಬೆಳಕು ಬರಲಿ



ರೇಡಿಯೋದವರಿಗೆ ಮುಖದ ಹಂಗಿಲ್ಲ, ದನಿಯೊಂದು ಸರಿಯಿದ್ದರೆ ಸಾಕು. ಹಾಗಂದುಕೊಂಡಿದ್ದ ನನಗೆ ರಾಜ್ಯೋತ್ಸವದ ದಿನ ಒಂದು ಪಾಠವಾಯಿತು. ಮುಂಬಯಿಯ ನಮ್ಮ ಕಟ್ಟಡದ ಕನ್ನಡ ಮಕ್ಕಳ ಕಾರ್ಯಕ್ರಮವನ್ನು ಊರಿನ ಅಜ್ಜ-ಅಜ್ಜಿಯರಿಗೆ ನೇರವಾಗಿ ತೋರಿಸುವ ಹೊಣೆ ನನ್ನ ಪಾಲಿಗೆ ಬಂತು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೆಗಾಪಿಕ್ಸೆಲ್ ಎಂದು ಬರೆದಿದ್ದ ಅಗ್ಗದ ವೆಬ್‌ಕ್ಯಾಮ್ ತಂದೆ. ನನ್ನ ಮಗಳೂ ಪದ್ಯ ಓದಿದಳು. ಮುಗಿದ ಮೇಲೆ ಧಾರವಾಡದಿಂದ ಅವ್ವನ ಫೋನು: "ಕೂಸಿನ ದನಿ ಚಲೋ ಕೇಳಿಸ್ತು. ಮಾರಿ ಮಾತ್ರ ಕಾಣಲಿಲ್ಲ ನೋಡವಾ."

ಮೊಣಕಾಲು ನೋವಿನಿಂದ ಅವ್ವ ಈಗ ರೈಲು ಹತ್ತುವುದಿಲ್ಲ. ಮೊಮ್ಮಗಳನ್ನು ನೋಡಲು ಅವಳಿಗಿರುವುದು ಆ ಪರದೆಯೊಂದೇ. ಆ ಮಾತು ನನ್ನನ್ನು ಕುಳಿತಲ್ಲಿ ಕೂರಗೊಡಲಿಲ್ಲ.

ವೆಬ್‌ಕ್ಯಾಮಿನ ಕಥೆ ಕಾಫಿಯಿಂದ ಆರಂಭವಾದದ್ದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಅದರ ಚಿತ್ರ ಅಂತರ್ಜಾಲಕ್ಕೆ ಬಂತು. 2001ರಲ್ಲಿ ಕ್ಯಾಮೆರಾ ನಿಂತಿತು. ಕಪ್ಪು-ಬಿಳುಪಿನ ಪುಟ್ಟ ಚಿತ್ರ ಅದು. ಪಾತ್ರೆಯಲ್ಲಿ ಕಾಫಿ ಉಂಟೋ ಇಲ್ಲವೋ ತಿಳಿದರೆ ಸಾಕಿತ್ತು. ನಮಗೆ ಕಾಣಬೇಕಾದದ್ದು ಮುಖ, ಅದರ ನಗು. ಹಾಗಾಗಿ ಕೊಳ್ಳುವಾಗ ಕೆಲವು ವಿಷಯ ಗಮನಿಸಿ.

ಮೊದಲನೆಯದು, ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಎಷ್ಟೋ ಸಲ ಅದು ಸಾಫ್ಟ್‌ವೇರ್ ಹಿಗ್ಗಿಸಿದ ಲೆಕ್ಕ, ಅಥವಾ ಸ್ಥಿರಚಿತ್ರದ ಲೆಕ್ಕ. 1080ಪಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು ಸುಮಾರು 20 ಲಕ್ಷ, ಅಂದರೆ 2 ಮೆಗಾಪಿಕ್ಸೆಲ್ ಮಾತ್ರ. "ವಿಡಿಯೋ ಎಷ್ಟು ಪಿ? ಸೆಕೆಂಡಿಗೆ ಎಷ್ಟು ಫ್ರೇಮು?" ಎಂದು ಕೇಳಿ. 1080ಪಿ, 30 ಫ್ರೇಮು ಎಂದರೆ ಮನೆಯ ಬಳಕೆಗೆ ಧಾರಾಳವಾಯಿತು.

ಎರಡನೆಯದು ಬೆಳಕು. ವೆಬ್‌ಕ್ಯಾಮಿನ ಸೆನ್ಸರ್ ಕಿರುಬೆರಳ ಉಗುರಿಗಿಂತಲೂ ಚಿಕ್ಕದು. ಬೆಳಕು ಕಡಿಮೆಯಾದರೆ ಒಂದೊಂದು ಫ್ರೇಮಿಗೂ ಅದು ಹೆಚ್ಚು ಹೊತ್ತು ಬೆಳಕು ಕೂಡಿಡಬೇಕು. ಆಗ 30 ಫ್ರೇಮು 15ಕ್ಕೆ ಇಳಿಯಬಹುದು, ಕೈ ಆಡಿಸಿದರೆ ಬಾಲ ಬೆಳೆದಂತೆ ಕಾಣುತ್ತದೆ. ಆದ್ದರಿಂದ ಅಂಗಡಿಯಲ್ಲೇ ಜೋಡಿಸಿ, ಮಬ್ಬು ಮೂಲೆಯಲ್ಲಿ ಕೈ ಆಡಿಸಿ ನೋಡಿ. ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಮಕ್ಕಳನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿದ್ದೆ. ಕ್ಯಾಮೆರಾ ಕಿಟಕಿಯ ಬೆಳಕಿಗೆ ಹೊಂದಿಕೊಂಡಿತು, ಮುಖಗಳು ಕಪ್ಪಾದವು.

ಮೂರನೆಯದು ಫೋಕಸ್. ಒಬ್ಬರೇ ಕುಳಿತು ಮಾತಾಡಲು ಸ್ಥಿರ ಫೋಕಸ್ ಸಾಕು. ಪುಸ್ತಕವನ್ನೋ ರಂಗೋಲಿಯನ್ನೋ ಹತ್ತಿರ ಹಿಡಿದು ತೋರಿಸುವವರಿಗೆ ಆಟೋಫೋಕಸ್ ಬೇಕು. ಅದು ಪದೇಪದೇ ತಡಕಾಡಿದರೆ ಬೀಗ ಹಾಕುವ ಸೌಲಭ್ಯ ಇದೆಯೇ ನೋಡಿ.

ಕ್ಯಾಮೆರಾ ತಂದ ಮೇಲೆ ಎರಡು ಕೆಲಸ. ಚಿತ್ರದಲ್ಲಿ ಪಟ್ಟೆಗಳು ಓಡಿದರೆ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇರುವುದನ್ನು 50 ಮಾಡಿ, ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದು. ಆಮೇಲೆ ಇಂಟರ್‌ನೆಟ್‌ನ ಅಪ್‌ಲೋಡ್ ವೇಗ ಪರೀಕ್ಷಿಸಿ. 720ಪಿ ಸರಾಗವಾಗಿ ಹೋಗಲು 3-4 ಎಂಬಿಪಿಎಸ್ ಬೇಕು. ತಡವರಿಸುವ 1080ಪಿಗಿಂತ ನಿಲ್ಲದೆ ಹರಿಯುವ 720ಪಿ ಲೇಸು.

ದುಡ್ಡು ಬಿಚ್ಚುವ ಮುನ್ನ ಮನೆಯ ಫೋನನ್ನೂ ನೆನೆಯಿರಿ. ಆಂಡ್ರಾಯ್ಡ್ 14 ಇರುವ ಕೆಲವು ಫೋನುಗಳು ಯುಎಸ್‌ಬಿ ತಂತಿ ಚುಚ್ಚಿದರೆ ತಾವೇ ವೆಬ್‌ಕ್ಯಾಮ್ ಆಗುತ್ತವೆ. ಅವುಗಳ ಹಿಂಬದಿಯ ಕ್ಯಾಮೆರಾ ಅಗ್ಗದ ವೆಬ್‌ಕ್ಯಾಮಿಗಿಂತ ಎಷ್ಟೋ ಮೇಲು.

ಸಂಕ್ರಾಂತಿಗೆ ನಾನು ಮೊದಲು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದೆ. ಅರ್ಧ ಕೆಲಸ ಅಲ್ಲೇ ಆಯಿತು, ಖರ್ಚಿಲ್ಲದೆ. ಉಳಿದರ್ಧ, ಕೇಳಿ ತಿಳಿದು ತಂದ 1080ಪಿ ಕ್ಯಾಮೆರಾದಿಂದ. ಮಗಳು ಎಳ್ಳು-ಬೆಲ್ಲದ ತಟ್ಟೆ ಹಿಡಿದು ನಕ್ಕಳು. ಅತ್ತ ಕಡೆಯಿಂದ ಅವ್ವ ಕೇಳಿದ್ದು ಒಂದೇ ಮಾತು: "ಅಯ್ಯ, ಮುಂದಿನ ಹಲ್ಲು ಯಾವಾಗ ಬಿತ್ತ ಆಕೀದು?"

ನಿಮ್ಮ ಊರಿನವರಿಗೂ ನಿಮ್ಮ ಮುಖ ಹೀಗೇ ಕಾಣಲಿ.