ತಂತಿಯ ಬೆಲೆ, ಕಿವಿಯ ನಂಬಿಕೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಮಾತನ್ನು ನಮ್ಮದೇ ತಪ್ಪೊಂದನ್ನು ಒಪ್ಪಿಕೊಂಡು ಆರಂಭಿಸಬೇಕಾಗಿದೆ. ಭಾನುವಾರ ಸಂಜೆ ನಾವೆಲ್ಲ ಇಲ್ಲಿ ಸೇರಿ ಸಂಗೀತ ಕೇಳುತ್ತೇವಷ್ಟೆ. ಕಳೆದ ವರ್ಷ ಅಂಗಡಿಯವರೊಬ್ಬರು ನಮ್ಮ ಕಮಿಟಿಗೆ ಬುದ್ಧಿ ಹೇಳಿದರು: "ಇಷ್ಟು ಒಳ್ಳೆಯ ಸ್ಪೀಕರಿಗೆ ಇಂಥ ಬಡಕಲು ವೈರೇ ಸ್ವಾಮಿ? ಅರ್ಧ ಸಂಗೀತ ದಾರಿಯಲ್ಲೇ ಸೋರಿಹೋಗುತ್ತದೆ." ಬೆರಳುಗಾತ್ರದ ತಂತಿ, ಮೇಲೆ ಹೆಣೆದ ನೂಲಿನ ಹೊದಿಕೆ, ತುದಿಗೆ ಚಿನ್ನದ ಲೇಪ. ಬೆಲೆ ನಾಲ್ಕು ಸಾವಿರ ರೂಪಾಯಿ. ವಂತಿಗೆಯ ಹಣ ತೆತ್ತು ತಂದೆವು.

ಆ ಭಾನುವಾರ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿದೆವು. "ತಂಬೂರಿಯ ನಾದವೇ ಬೇರೆಯಾಯಿತಲ್ಲ!" ಎಂದರು ಹಿರಿಯರೊಬ್ಬರು. "ಉಸಿರೆಳೆದದ್ದೂ ಕೇಳಿಸುತ್ತಿದೆ" ಎಂದರು ಮತ್ತೊಬ್ಬರು. ನಾವೂ ಧಾರಾಳವಾಗಿ ತಲೆದೂಗಿದೆವು. ಹದಿನೈದು ದಿನ ಕಳೆದು, ಸುಣ್ಣ ಹೊಡೆಯಲೆಂದು ಪೆಟ್ಟಿಗೆ ಸರಿಸಿದಾಗ ನೋಡುವುದೇನು? ಹೊಸ ತಂತಿಯ ದಪ್ಪ ತುದಿ ಕಿಂಡಿಯಲ್ಲಿ ಹಿಡಿದಿರಲಿಲ್ಲ. ವೈರ್‌ಮನ್ ಅದನ್ನು ಸುರುಳಿ ಸುತ್ತಿ ಹಿಂದೆ ಇಟ್ಟು, ಹಳೆಯ ವೈರನ್ನೇ ಜೋಡಿಸಿ ಹೋಗಿದ್ದ. "ಮತ್ತೆ ಬಂದು ಹಾಕೋಣ ಅಂತಿದ್ದೆ ಅಣ್ಣಾ, ಮರೆತೇ ಹೋಯಿತು" ಎಂದ.

ಹಾಗಾದರೆ ನಾವು ಸುಳ್ಳು ಹೇಳಿದೆವೆ? ಇಲ್ಲ. ನಮಗಾದ ಸಂತೋಷ ನಿಜ. ಹೊಸ ತಂತಿ ಕೂಡಿಸಿರಲಿಲ್ಲವೆಂಬುದೂ ನಿಜ. ಇವೆರಡೂ ಒಟ್ಟಿಗೆ ಹೇಗೆ ನಿಜವಾದವು ಎಂಬುದೇ ಇಂದಿನ ವಿಚಾರ.

ಮೊದಲು ತಂತಿಯ ಲೆಕ್ಕ ನೋಡೋಣ. ಮನೆಗೆ ಹಾಕುವ 1.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್ ತಡೆ ಇರುತ್ತದೆ. ಸ್ಪೀಕರು 4 ಮೀಟರು ದೂರವಿದ್ದರೆ ಹೋಗಿಬರಲು 8 ಮೀಟರು. ಒಟ್ಟು ತಡೆ 0.1 ಓಮ್‌ನ ಆಸುಪಾಸು. ಸ್ಪೀಕರಿನದು ಸಾಮಾನ್ಯವಾಗಿ 8 ಓಮ್. ಎಂದರೆ ತಂತಿಯಲ್ಲಿ ಕಳೆದುಹೋಗುವ ಶಕ್ತಿ ನೂರಕ್ಕೆ ಒಂದರಷ್ಟು. ಅರ್ಧ ಸಂಗೀತ ಸೋರಿಹೋಗುವ ಮಾತೆಲ್ಲಿ ಬಂತು? ತೀರ ಸಣ್ಣ ತಂತಿಯನ್ನು ಬಹುದೂರ ಎಳೆದರೆ ಸದ್ದು ಕುಗ್ಗುವುದು ದಿಟ. ಸಡಿಲ ಜೋಡಣೆ, ಕಿಲುಬು ಹಿಡಿದ ತುದಿ ಇದ್ದರೆ ಗರಗರ ಎನ್ನುವುದೂ ದಿಟ. ಅದಕ್ಕೆ ಬೇಕಾದದ್ದು ತಕ್ಕ ಗಾತ್ರದ ತಾಮ್ರ ಮತ್ತು ಬಿಗಿಯಾದ ಸ್ಕ್ರೂ. ಚಿನ್ನದ ಲೇಪವಲ್ಲ.

1983ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಇದನ್ನೇ ಪರೀಕ್ಷೆಗೆ ಒಡ್ಡಿತು. ಯಾವ ತಂತಿಯಲ್ಲಿ ಹಾಡು ಬರುತ್ತಿದೆಯೆಂಬುದನ್ನು ಕೇಳುಗರಿಂದ ಮರೆಮಾಡಿ, ದುಬಾರಿ ಕೇಬಲ್ಲನ್ನೂ ಸಾಧಾರಣ ವೈರನ್ನೂ ಅದಲುಬದಲು ಮಾಡಿದರು. ತೀರ ಸಣ್ಣ ವೈರು ಹಾಕಿ ಸ್ಪೀಕರಿನಲ್ಲಿ ಒಂದೇ ಸಮನೆ ಬುಸುಗುಡುವ ಸದ್ದು ಬಿಟ್ಟಾಗ ಕೇಳುಗರಿಗೆ ವ್ಯತ್ಯಾಸ ತಿಳಿಯಿತು. ಆ ವೈರಿನಲ್ಲಿ ಸದ್ದೇ ಕುಗ್ಗಿತ್ತು. ಸಂಗೀತ ಹಾಕಿದಾಗ, ಸಾಧಾರಣ ದಪ್ಪದ ವೈರು ಯಾವುದು, ದುಬಾರಿಯದು ಯಾವುದು ಎಂದು ನಂಬಿಕೆಯಿಂದ ಹೇಳುವುದು ಅವರಿಗೆ ಸಾಧ್ಯವಾಗಲಿಲ್ಲ.

ಇನ್ನು ನಮ್ಮ ತಲೆಯೊಳಗಿನ ಲೆಕ್ಕ. ಔಷಧವಿಲ್ಲದ ಸಕ್ಕರೆ ಗುಳಿಗೆಯನ್ನು ಔಷಧವೆಂದು ನಂಬಿಸಿ ಕೊಟ್ಟಾಗ ಕೆಲವರ ನೋವು ತಗ್ಗುವುದುಂಟು. ವೈದ್ಯರು ಇದಕ್ಕೆ ಪ್ಲೆಸಿಬೊ ಎನ್ನುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಒಂದೇ ದ್ರಾಕ್ಷಾಮದ್ಯವನ್ನು 10 ಡಾಲರಿನದೆಂದು ಒಮ್ಮೆ, 90 ಡಾಲರಿನದೆಂದು ಇನ್ನೊಮ್ಮೆ ಹೇಳಿ ರುಚಿ ನೋಡಿಸಿದರು. ಬೆಲೆ ಹೆಚ್ಚೆಂದಾಗ ಬಾಯಿಮಾತಿನಲ್ಲಷ್ಟೇ ಅಲ್ಲ, ಮಿದುಳಿನಲ್ಲಿ ಹಿತವನ್ನು ಅಳೆಯುವ ಭಾಗದಲ್ಲೂ ಚಟುವಟಿಕೆ ಏರಿತು. ಬೆಲೆಯ ಚೀಟಿಯೂ ನಾಲಿಗೆಗೆ ರುಚಿಯಾಗಬಲ್ಲುದು.

ಇದು ಅರಿಯದವರಿಗೆ ಮಾತ್ರ ಆಗುವ ಮರುಳೆಂದು ತಿಳಿಯಬೇಡಿ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 21 ಮಂದಿ ಪಿಟೀಲು ವಾದಕರಿಗೆ ಕಣ್ಣು ಕಾಣದಂತೆ ಕನ್ನಡಕ ಹಾಕಿಸಿ ಆರು ಪಿಟೀಲುಗಳನ್ನು ಕೈಗಿತ್ತರು. ಮೂರು ಹೊಸವು. ಮೂರು ಶತಮಾನಗಳಷ್ಟು ಹಳೆಯವು. ಅವುಗಳಲ್ಲಿ ಎರಡು ಜಗತ್ಪ್ರಸಿದ್ಧ ಸ್ಟ್ರಾಡಿವೇರಿಯಸ್, ಲಕ್ಷಗಟ್ಟಲೆ ಡಾಲರ್ ಬಾಳುವಂಥವು. ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸದೊಂದು ಪಿಟೀಲು! ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್. ಜೀವಮಾನವೆಲ್ಲ ನಾದದಲ್ಲೇ ಕಳೆದವರ ಗತಿ ಹೀಗಾದರೆ ನಮ್ಮನಿಮ್ಮಂಥವರು ನಾಚಬೇಕಾದದ್ದೇನಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: "ಸಂತೋಷವಾಯಿತಲ್ಲ, ಇನ್ನೇನು ಬೇಕು? ನಂಬಿಕೆಯನ್ನೇಕೆ ಕೆಡಿಸುತ್ತೀರಿ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಯೋಚಿಸಿ ನೋಡಿ. ಆ ಭಾನುವಾರ ನಾವು ಮಾತು ನಿಲ್ಲಿಸಿ, ಕಿವಿಗೊಟ್ಟು, ಒಂದೊಂದು ಸ್ವರವನ್ನೂ ಕಾದು ಕೇಳಿದೆವು. ಎಂದೂ ಗಮನಿಸದ ತಂಬೂರಿಯನ್ನು ಅಂದು ಗಮನಿಸಿದೆವು. ತಂಬೂರಿ ಮೊದಲೂ ಅಲ್ಲೇ ಇತ್ತು. ಸಂತೋಷ ಕೊಟ್ಟದ್ದು ನಮ್ಮ ಗಮನ. ಹಣ ಪಡೆದದ್ದು ತಂತಿ. ನಮ್ಮದೇ ಸೊತ್ತನ್ನು ನಾವೇ ನಾಲ್ಕು ಸಾವಿರ ಕೊಟ್ಟು ಕೊಂಡಂತಾಯಿತು. ಉಳ್ಳವನಿಗೆ ಅದು ಆಟ. ತಿಂಗಳ ಸಂಬಳದಲ್ಲಿ ಕಂತು ಕಟ್ಟುವವನಿಗೆ ಅದು ಮಕ್ಕಳ ಪುಸ್ತಕದ ಹಣ. ಅದಕ್ಕಿಂತ ಕೆಟ್ಟದ್ದೆಂದರೆ, ದುಬಾರಿ ತಂತಿಯಿಲ್ಲದ ಮನೆಯಲ್ಲಿ ಕೇಳಿದ ಸಂಗೀತ ಸಂಗೀತವೇ ಅಲ್ಲವೆಂಬ ಕೀಳರಿಮೆ. ಅದನ್ನು ನಾವು ಒಪ್ಪತಕ್ಕದ್ದಲ್ಲ.

ವ್ಯಾಪಾರಿ ಮಿತ್ರರು ಇಲ್ಲಿದ್ದೀರಿ. ನಿಮ್ಮ ತೂಕದ ಕಲ್ಲಿಗೆ ಸರಕಾರದ ಮುದ್ರೆ ಬೇಕು. "ನನ್ನ ಕೈ ಅಳತೆ ಸರಿಯಾಗಿದೆ" ಎಂದರೆ ಗಿರಾಕಿ ಒಪ್ಪುವುದಿಲ್ಲ. ಕಿವಿಗೂ ಅಂಥದೊಂದು ತಕ್ಕಡಿ ಉಂಟು. ಪರದೆ ಕಟ್ಟಿ, ಎರಡು ತಂತಿಗಳ ಸದ್ದು ಸಮನಾಗಿರಲಿ, ಏಕೆಂದರೆ ತುಸು ಜೋರಾದದ್ದು ತುಸು ಚೆನ್ನಾಗಿ ಕೇಳಿಸುತ್ತದೆ. ಯಾವ ತಂತಿ ಎಂಬುದನ್ನು ಪ್ರತಿಸಲವೂ ನಾಣ್ಯ ಚಿಮ್ಮಿ ತೀರ್ಮಾನಿಸಿ. ಹತ್ತು ಸಲ ಹಾಕಿ, ಉತ್ತರ ಬರೆದುಕೊಳ್ಳಿ. ಸುಮ್ಮನೆ ಊಹಿಸಿದರೂ ಐದರ ಸುಮಾರಿಗೆ ಸರಿಬರುತ್ತದೆ. ಒಂಬತ್ತಾದರೂ ಸರಿಬರಬೇಕಾದರೆ ಊಹೆಗೆ ಇರುವ ಅವಕಾಶ 1024ರಲ್ಲಿ 11 ಮಾತ್ರ. ಅಷ್ಟು ಸರಿ ಹೇಳಿದವರ ಮಾತನ್ನು ನಾವು ಮತ್ತೊಮ್ಮೆ ಪರೀಕ್ಷಿಸಿ, ತಲೆಬಾಗಿ ಒಪ್ಪುತ್ತೇವೆ.

ಸಂಗೀತವನ್ನು ನಿಜವಾಗಿ ಬದಲಿಸುವವು ಬೇರೆ ಇವೆ: ಸ್ಪೀಕರು, ಅದನ್ನಿಟ್ಟ ಜಾಗ, ಕೋಣೆಯ ಗೋಡೆ, ಎಲ್ಲಕ್ಕೂ ಮಿಗಿಲಾಗಿ ಕೇಳುವ ಕಿವಿ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ಗೆ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಕಿವಿ ಕೆಡುತ್ತದೆ. ಮಗ್ಗಗಳು ಸಾಲಾಗಿ ಓಡುವ ಖಾತೆಯಲ್ಲಿ ಸದ್ದು ಇದನ್ನು ಸುಲಭವಾಗಿ ದಾಟುತ್ತದೆ. ಮೊದಲು ಹೋಗುವುದು ಮೇಲಿನ ಸ್ವರಗಳು, ತಂಬೂರಿಯ ಝೇಂಕಾರದ ಸೂಕ್ಷ್ಮ. ಹೀಗೆ ಹೋದದ್ದನ್ನು ಯಾವ ತಂತಿಯೂ ಮರಳಿ ತಂದುಕೊಡಲಾರದು. ಕಿವಿಗೆ ಇಡುವ ರಬ್ಬರಿನ ಬಿರಡೆ ಅಗ್ಗದ ವಸ್ತು. ಅದಕ್ಕೆಂದು ನಮ್ಮ ಕಮಿಟಿ ಒಂದು ರೂಪಾಯಿಯನ್ನೂ ಎತ್ತಿಡಲಿಲ್ಲವೆಂಬುದು ತಂತಿ ಕೊಂಡದ್ದಕ್ಕಿಂತ ದೊಡ್ಡ ತಪ್ಪು. ಈ ತಿಂಗಳ ವಂತಿಗೆಯಿಂದ ಅದನ್ನು ತಿದ್ದಿಕೊಳ್ಳುತ್ತೇವೆ. ಖಾತೆಯಲ್ಲಿ ಬಿರಡೆ ಒದಗಿಸಬೇಕೆಂದು ಮಾಲೀಕರನ್ನೂ ಕೇಳುತ್ತೇವೆ.

ಬರುವ ಭಾನುವಾರ ಪರದೆ ಕಟ್ಟುತ್ತೇವೆ. ಆ ನಾಲ್ಕು ಸಾವಿರದ ತಂತಿಯನ್ನು ಈ ಸಲ ಸರಿಯಾಗಿ ಜೋಡಿಸಿರುತ್ತೇವೆ. ಎಲ್ಲರೂ ಬನ್ನಿ, ಕೇಳಿ, ಗುರುತು ಹಾಕಿ. ಪರೀಕ್ಷೆ ಮುಗಿದ ಮೇಲೆ ಪರದೆ ತೆಗೆದು, ಲೆಕ್ಕ ಮರೆತು, ಹಾಡನ್ನೇ ಕೇಳೋಣ.